ಜವಾರಿ ಕೋಳಿಯ ಗರಿಬಣ್ಣ

ಮುದ್ದೇಬಿಹಾಳದ ಸಂತೆಗೆ ಕೋಳಿ ಕೊಳ್ಳಲು ಬಂದವನು ಮೊದಲು ನೋಡುವುದು ಹಕ್ಕಿಯ ತೂಕವನ್ನಲ್ಲ, ಅದರ ಬಣ್ಣವನ್ನು. ಕಾಲು ಕಟ್ಟಿ ನೆಲದ ಮೇಲೆ ಕೆಡವಿದ ಅಥವಾ ಹೆಡಗಿಯ ಕೆಳಗೆ ಮುಚ್ಚಿಟ್ಟ ಕೋಳಿಗಳಲ್ಲಿ ಕೆಂಪು, ಕಪ್ಪು, ಬೂದಿ, ಚುಕ್ಕಿ, ಗೆರೆ ಎಂದು ಮೈಬಣ್ಣ ಬೆರೆತಷ್ಟೂ ಅದು ಜವಾರಿಯೆಂಬ ವಿಶ್ವಾಸ ಅವನಲ್ಲಿ ದೃಢವಾಗುವುದು. ಅಚ್ಚ ಬಿಳಿಯದೊಂದು ಕಣ್ಣಿಗೆ ಬಿದ್ದರೆ, ಅದು ತಿಪ್ಪೆ ಕೆದರಿ, ಕಣದ ಜೋಳ ಹೆಕ್ಕಿ, ಹಿತ್ತಲಿನಲ್ಲೇ ಬೆಳೆದ ಜೀವವಾಗಿದ್ದರೂ, ಫಾರಂ ಕೋಳಿಯೆಂದು ಹೇಳಿ ಮುಂದಕ್ಕೆ ನಡೆಯುವನು. ಜವಾರಿಗೆ ದೊರೆಯುವ ಬೆಲೆ ಫಾರಂ ಕೋಳಿಯದಕ್ಕಿಂತ ಬಹಳ ಹೆಚ್ಚಾದುದರಿಂದ ಈ ಕಣ್ಣಳತೆಯ ತೀರ್ಪು ಮಾರುವವರ ಪಾಲಿಗೆ ಸಾಮಾನ್ಯ ಸಂಗತಿಯೇನಲ್ಲ. ಇದರ ಮೇಲೆ ಹರಕೆಯ ಲೆಕ್ಕ ಬೇರೆ: ದೃಷ್ಟಿ ತೆಗೆಯುವುದಕ್ಕೆ ಕರೀ ಕೋಳಿಯೇ ಬೇಕು, ಊರ ದೇವತೆಗೆ ಕೆಂಪು ಹುಂಜವೇ ಆಗಬೇಕು ಎಂಬ ನಿಯಮಗಳು, 1959ರ ಕರ್ನಾಟಕ ಪ್ರಾಣಿಬಲಿ ನಿಷೇಧ ಶಾಸನ ಜಾರಿಯಲ್ಲಿದ್ದರೂ, ಜನರ ಮನಸ್ಸಿನಿಂದ ಇನ್ನೂ ಅಳಿದುಹೋಗಿಲ್ಲ.

ಗರಿಯ ಬಣ್ಣ ಹೀಗೆ ಹಣದ ಸಂಗತಿಯೂ ನಂಬಿಕೆಯ ಸಂಗತಿಯೂ ಆಗಿರುವಾಗ, ಅದು ಹಕ್ಕಿಯ ಕುಲಶೀಲಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ನಂಬತಕ್ಕ ಸಾಕ್ಷಿಯೆಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು. ಮೊದಲೇ ಹೇಳಿಬಿಡುವುದಾದರೆ, ನನ್ನ ಅಭಿಪ್ರಾಯದಲ್ಲಿ ಬಣ್ಣವು ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಕೇಳಬೇಕಾದ ಪ್ರಶ್ನೆಗಳನ್ನು ಬಿಟ್ಟು ಬೇರೆಯವನ್ನೇ ನಾವು ಕೇಳುತ್ತ ಬಂದಿದ್ದೇವೆ.

ಕೋಳಿಯ ಗರಿಯಲ್ಲಿ ತೋರುವ ಸಮಸ್ತ ವೈವಿಧ್ಯಕ್ಕೂ ಮೂಲವಾದ ವರ್ಣದ್ರವ್ಯಗಳು ಎರಡೇ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಎರಡೂ ಮೆಲನಿನ್ ಎಂಬ ಒಂದೇ ಮನೆತನಕ್ಕೆ ಸೇರಿದವು. ಒಂದು ಕಪ್ಪು ಮತ್ತು ಕಡುಗಂದುಗಳನ್ನು, ಇನ್ನೊಂದು ಕೆಂಪು, ಹೊಂಬಣ್ಣ ಮತ್ತು ತಿಳಿಗಂದುಗಳನ್ನು ಕೊಡುವುದು. ಬಿಳುಪೆಂಬುದು ಈ ಎರಡರ ಅಭಾವವೇ ಹೊರತು ತಾನಾಗಿ ಒಂದು ದ್ರವ್ಯವಲ್ಲ. ಹುಂಜದ ಬಾಲದ ಕುಡುಗೋಲು ಗರಿಗಳಲ್ಲಿ ಬಿಸಿಲಿಗೆ ಮಿನುಗುವ ಹಸುರು ಕೂಡ ದ್ರವ್ಯವಲ್ಲ. ಗರಿಯೊಳಗೆ ಪದರಪದರವಾಗಿ ಜೋಡಣೆಗೊಂಡ ಕಪ್ಪು ಕಣಗಳ ಮೇಲೆ ಬಿದ್ದ ಬೆಳಕು ಮರಳುವ ರೀತಿಯಿಂದ ಅದು ಉಂಟಾಗುವುದು. ತತ್ತಿಯೊಳಗೆ ಪಿಂಡ ರೂಪುಗೊಳ್ಳುತ್ತಿರುವ ಮೊದಲ ದಿನಗಳಲ್ಲೇ ವರ್ಣಕೋಶಗಳು ಬೆನ್ನಿನ ನರನಾಳದ ಅಂಚಿನಲ್ಲಿ ಹುಟ್ಟಿ, ಅಲ್ಲಿಂದ ಚರ್ಮದ ಉದ್ದಗಲಕ್ಕೂ ವಲಸೆ ಹೋಗಿ, ಒಂದೊಂದು ಗರಿಯ ಬುಡದಲ್ಲೂ ಬೀಡುಬಿಡುವುವು. ಗರಿ ಬೆಳೆಯುವಾಗ ಮೊದಲು ಸಿದ್ಧವಾಗುವುದು ಅದರ ತುದಿ, ಕಡೆಗೆ ಬುಡ. ಮುಂದೆ ಮುಂದೆ ಸಾಗುವ ಬಟ್ಟೆಯಲ್ಲಿ ಇಳಕಲ್ಲಿನ ನೇಕಾರನು ಹೊತ್ತುಹೊತ್ತಿಗೆ ಹೊಕ್ಕಿನ ನೂಲನ್ನು ಬದಲಿಸಿ ಪಟ್ಟೆ ತರುವಂತೆ, ವರ್ಣಕೋಶಗಳು ಕೆಲಕಾಲ ದುಡಿದು ಕೆಲಕಾಲ ಕೈಬಿಟ್ಟಾಗ ಗರಿಯಲ್ಲಿ ಅಡ್ಡಗೆರೆಗಳು ಮೂಡುವುವು. ಆದುದರಿಂದ ಒಂದು ಗರಿಯನ್ನು ಕೈಯಲ್ಲಿ ಹಿಡಿದು ತುದಿಯಿಂದ ಬುಡದವರೆಗೆ ನೋಡಿದರೆ, ಅದು ಬೆಳೆದ ದಿನಗಳ ವೃತ್ತಾಂತವನ್ನೇ ಕ್ರಮವಾಗಿ ಓದಿದಂತಾಗುವುದು.

ಈ ಎಲ್ಲ ಕೋಳಿಗಳ ಮೂಲಪುರುಷನು ಉತ್ತರ ಮತ್ತು ಪೂರ್ವ ಭಾರತದಿಂದ ಆಗ್ನೇಯ ಏಷ್ಯದವರೆಗೆ ಹಬ್ಬಿರುವ ಕೆಂಪು ಕಾಡುಕೋಳಿಯೆಂದು ಡಾರ್ವಿನ್ ಮಹಾಶಯನು 1868ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಕರಿಯ ಸ್ಪ್ಯಾನಿಷ್ ಹುಂಜವನ್ನು ಬಿಳಿಯ ಸಿಲ್ಕಿ ಹೇಂಟೆಯೊಡನೆ ಕೂಡಿಸಿದಾಗ, ಹುಟ್ಟಿದ ಮರಿಗಳಲ್ಲೊಂದು ಬೆಳೆದು ಕಾಡುಕೋಳಿಯದೇ ಕೆಂಪು-ಕಪ್ಪು ಗರಿಗಳನ್ನು ಹೊದ್ದು ನಿಂತದ್ದು ಅವನ ವಾದಕ್ಕೆ ಒದಗಿದ ನಿದರ್ಶನಗಳಲ್ಲಿ ಒಂದು. ಆದರೆ ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವುದು ಆ ಕೆಂಪು ಜಾತಿಯಲ್ಲ, ಬೂದು ಕಾಡುಕೋಳಿ. ಕೊರಳ ಗರಿಗಳ ಮೇಲೆ ಮೇಣದ ಹನಿಗಳಂಥ ಹೊಳಪಿನ ಚುಕ್ಕೆಗಳುಳ್ಳದ್ದು. ಇದಕ್ಕೂ ಮನೆಕೋಳಿಗೂ ಸಂಬಂಧವಿಲ್ಲವೆಂದೇ ಬಹುಕಾಲ ಎಣಿಸಲಾಗಿದ್ದರೂ, 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮನೆಕೋಳಿಯ ಹಳದಿ ಚರ್ಮದ ಮತ್ತು ಹಳದಿ ಕಾಲಿನ ವಂಶವಾಹಿ ಬಂದುದು ಈ ಬೂದು ಕಾಡುಕೋಳಿಯಿಂದಲೇ ಎಂದು ತೋರಿಸಿಕೊಟ್ಟಿತು. ಡಾರ್ವಿನ್ನನು ಬಹುಮಟ್ಟಿಗೆ ಸರಿ, ಆದರೆ ಸಂಪೂರ್ಣವಾಗಿ ಅಲ್ಲ. ಪ್ರಪಂಚದ ಎಷ್ಟೋ ದೇಶಗಳ ಹಿತ್ತಲುಗಳಲ್ಲಿ ಓಡಾಡುವ ಹಳದಿ ಕಾಲಿನ ಕೋಳಿಗಳಲ್ಲೆಲ್ಲ ದಕ್ಷಿಣ ಭಾರತದ ಅಡವಿಯ ಒಂದು ತುಣುಕು ಸೇರಿಕೊಂಡಿದೆಯೆಂಬುದು ನಮಗೆ ಸ್ವಲ್ಪ ಅಭಿಮಾನ ಪಡತಕ್ಕ ವಿಷಯವೇ ಸರಿ.

ಬಸವಸಾಗರದ ಹಿನ್ನೀರಿಗೆ ಸಮೀಪವಾದ ಒಂದು ಹಳ್ಳಿಯಲ್ಲಿ, ಕೋಳಿ ಸಾಕುವ ಹಿರಿಯ ಹೆಂಗಸೊಬ್ಬಳು ತನ್ನ ಅಂಗಳದ ಮರಿಯೊಂದನ್ನು ನನಗೆ ತೋರಿಸಿದಳು. ತಾಯಿ ಕಾಡಿಗೆಗಪ್ಪು, ಅಂಗಳದ ಹುಂಜ ಕೆಂಪು, ಒಡಹುಟ್ಟುಗಳೆಲ್ಲ ಕಪ್ಪು ಕಂದು. ನಡುವೆ ಇದೊಂದು ಮಾತ್ರ ಬೆಳ್ಳಗೆ. "ಇದರ ಅವ್ವ ಕರೀದು, ಹುಂಜಾ ಕೆಂಪ, ಇದ್ಯಾಕ ಹಿಂಗ ಬೆಳ್ಳಗ ಹುಟ್ಟ್ಯಾದೋ ನೋಡಪಾ ತಮ್ಮಾ. ಓಣ್ಯಾಗಿನ ಯಾವ್ದೋ ಹುಂಜಾ ಬಂದು ಹೋಗಿರಬೇಕು" ಎಂದು ಆಕೆ ನಕ್ಕಳು. "ಹಂಗೂ ಇರಬಹುದು ಆಯಿ, ಇಲ್ಲದೇನೂ ಇರಬಹುದು" ಎಂದೆ. ಉತ್ತರ ಆಕೆಗೆ ರುಚಿಸಲಿಲ್ಲವೆಂಬುದು ಮುಖದಲ್ಲೇ ತಿಳಿಯಿತು. ಆದರೆ ಶಾಸ್ತ್ರಜ್ಞನಾದವನು ಅದಕ್ಕಿಂತ ಹೆಚ್ಚಿನದನ್ನು ಆ ಕ್ಷಣದಲ್ಲಿ ಹೇಳುವಂತಿರಲಿಲ್ಲ. ಏಕೆಂದರೆ ಕೋಳಿಯಲ್ಲಿ ಬಿಳುಪು ಒಂದಲ್ಲ, ಪರಸ್ಪರ ಸಂಬಂಧವಿಲ್ಲದ ಎರಡು ಮುಖ್ಯ ಬಿಳುಪುಗಳಿವೆ; ಓಣಿಯ ಹುಂಜವು ಅಪರಾಧಿಯೋ ನಿರಪರಾಧಿಯೋ ಎಂಬುದು ಈ ಮರಿಯ ಬಿಳುಪು ಯಾವುದೆಂಬುದನ್ನು ಅವಲಂಬಿಸಿದೆ.

ಬಟಾಣಿ ಗಿಡಗಳನ್ನು ಕುರಿತು ಮೆಂಡೆಲ್ ಪಾದರಿಯು 1866ರಲ್ಲಿ ಪ್ರಕಟಿಸಿದ ನಿಯಮಗಳು ಮೂವತ್ತನಾಲ್ಕು ವರ್ಷ ವಿಸ್ಮೃತಿಯಲ್ಲಿದ್ದು 1900ರಲ್ಲಿ ಮರಳಿ ಬೆಳಕಿಗೆ ಬಂದಾಗ, ಅವು ಸಸ್ಯಗಳಿಗೆ ಮಾತ್ರವಲ್ಲದೆ ಪ್ರಾಣಿಗಳಿಗೂ ಅನ್ವಯಿಸುವುವೆಂದು ಮೊತ್ತಮೊದಲು ತೋರಿಸಿದವರಲ್ಲಿ ಕೇಂಬ್ರಿಜಿನ ವಿಲಿಯಂ ಬೇಟ್‌ಸನ್ ಒಬ್ಬನು. ಅವನು 1902ರಲ್ಲಿ ಮುಂದಿಟ್ಟ ಪ್ರಮಾಣಗಳು ಕೋಳಿಗಳವೇ. ಪ್ರತಿ ಮರಿಯೂ ಒಂದು ಗುಣಕ್ಕೆ ಸಂಬಂಧಿಸಿದಂತೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ವಂಶವಾಹಿಗಳನ್ನು ಪಡೆಯುವುದು. ಅವು ಭಿನ್ನವಾಗಿದ್ದರೆ ಒಂದು ಪ್ರಬಲವಾಗಿ ಮೇಲೆ ತೋರುವುದು, ಇನ್ನೊಂದು ಸುಪ್ತವಾಗಿ ಒಳಗೆ ಉಳಿಯುವುದು. ಸುಪ್ತವಾದದ್ದು ಅಳಿಯುವುದಿಲ್ಲ, ಮುಂದಿನ ಪೀಳಿಗೆಯಲ್ಲಿ ತನ್ನಂಥದೇ ಜೊತೆ ಸಿಕ್ಕಾಗ ಪ್ರಕಟವಾಗುವುದು. ಬಿಳುಪುಗಳಲ್ಲಿ ಒಂದು ಪ್ರಬಲ. ಇದು ವೈಟ್ ಲೆಗ್‌ಹಾರ್ನ್ ಕೋಳಿಯ ಬಿಳುಪು, ಬ್ರಾಯ್ಲರ್ ಕೋಳಿಗಳಲ್ಲೂ ಬಹುವಾಗಿ ಬಳಕೆಯಾಗಿರುವಂಥದು. ಪುಕ್ಕ ತರಿದ ಮೇಲೆ ಚರ್ಮದಲ್ಲಿ ಕಪ್ಪು ಬುಡಗಳ ಕಲೆ ಉಳಿಯಬಾರದೆಂಬ ಕಾರಣಕ್ಕಾಗಿ ಅಂಗಡಿಯ ಕೋಳಿ ಬಿಳಿದಾಯಿತೇ ಹೊರತು ಬಿಳುಪಿಗೂ ಮಾಂಸದ ರುಚಿಗೂ ಸಂಬಂಧವೇನೂ ಇಲ್ಲ. ಈ ಬಿಳುಪು ಕಪ್ಪು ದ್ರವ್ಯವನ್ನು ಚೆನ್ನಾಗಿ ತಡೆಯುವುದು, ಕೆಂಪನ್ನು ಅಷ್ಟಾಗಿ ತಡೆಯಲಾರದು. ಇನ್ನೊಂದು ಸುಪ್ತ. ವರ್ಣದ್ರವ್ಯವನ್ನು ತಯಾರಿಸುವ ಕಿಣ್ವದ ವಂಶವಾಹಿಯಲ್ಲೇ ಪ್ರಾಚೀನ ವೈರಾಣುವೊಂದರ ತುಂಡು ನುಗ್ಗಿ ಕುಳಿತುದರಿಂದ ಉಂಟಾದ ದೋಷವಿದು; ಇದು ಎರಡೂ ಕಡೆಯಿಂದ ಬಂದಾಗ ಕಪ್ಪು ಕೆಂಪು ಎಂಬ ಭೇದವಿಲ್ಲದೆ ಗರಿಯೆಲ್ಲ ಬೆಳ್ಳಗಾಗುವುದು.

ಈಗ ಆ ಮರಿಯನ್ನು ಬೆಳೆಯಲು ಬಿಟ್ಟು ನೋಡಬೇಕು. ಬೆಳ್ಳಗಿನ ಮೈಯಲ್ಲಿ ಅಲ್ಲಲ್ಲಿ ಕರಿಚುಕ್ಕಿ ಉಳಿದು, ಹೆಗಲಿನಲ್ಲೋ ಎದೆಯಲ್ಲೋ ಕೆಂಪು ಇಣುಕಿದರೆ ಪ್ರಬಲ ಬಿಳುಪೆಂದು ಬಲವಾಗಿ ಊಹಿಸಬಹುದು. ಪ್ರಬಲವಾದುದು ಬಣ್ಣದ ತಂದೆತಾಯಿಗಳಲ್ಲಿ ಅಡಗಿರಲಾರದಾದುದರಿಂದ ಓಣಿಯಲ್ಲಿ ಎಲ್ಲೋ ಒಂದು ಬಿಳಿ ಹುಂಜವಿದ್ದೇ ಇದೆ, ಆಯಿಯ ಅನುಮಾನ ನಿಜ. ಅಥವಾ ಉಗುರಿನಷ್ಟೂ ಬಣ್ಣ ತೋರದೆ ಮೈಯೆಲ್ಲ ಶುಭ್ರವಾಗಿದ್ದರೆ, ಆ ಕರೀ ತಾಯಿಯಲ್ಲೂ ಕೆಂಪು ಹುಂಜದಲ್ಲೂ ತಲೆಮಾರುಗಳಿಂದ ಒಂದೊಂದು ಸುಪ್ತ ಬಿಳುಪು ಯಾರಿಗೂ ಕಾಣದಂತೆ ಹರಿದುಬಂದಿರಬಹುದು. ಅಂಥ ಜೋಡಿಗೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಬಿಳಿಯದು ಹುಟ್ಟುವುದು, ಯಾರ ನಡತೆಯ ಮೇಲೂ ಸಂದೇಹ ಪಡಬೇಕಾದುದಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಹಳ್ಳಿಯ ಕೋಳಿಗಳನ್ನು ಸುಧಾರಿಸುವುದಕ್ಕೆಂದು ಸರಕಾರವು ವೈಟ್ ಲೆಗ್‌ಹಾರ್ನ್ ಮತ್ತು ರೋಡ್ ಐಲೆಂಡ್ ರೆಡ್ ಹುಂಜಗಳನ್ನು ಹಂಚುತ್ತ ಬಂದುದನ್ನು ನೆನೆದರೆ, ಜವಾರಿಯೆಂದು ನಾವು ಕರೆಯುವ ಹಿಂಡುಗಳ ರಕ್ತದಲ್ಲಿ ಸೀಮೆಯ ಪಾಲೂ ಇದ್ದೀತೆಂಬುದು ಸ್ಪಷ್ಟ.

ವಿಚಿತ್ರವೆಂದರೆ ಬಿಳಿಗೆ ಬಿಳಿಯನ್ನು ಕೂಡಿಸಿಯೂ ಬಣ್ಣ ಪಡೆಯಬಹುದು. ಪ್ರಬಲ ಬಿಳುಪಿನ ಲೆಗ್‌ಹಾರ್ನನ್ನು ಸುಪ್ತ ಬಿಳುಪಿನ ವೈಟ್ ಪ್ಲಿಮತ್ ರಾಕ್‌ನೊಡನೆ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಬಿಳಿಯದೇ. ಅವುಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಎರಡನೆಯ ಪೀಳಿಗೆಯಲ್ಲಿ ಹದಿನಾರಕ್ಕೆ ಮೂರರಂತೆ ಬಣ್ಣದ ಮರಿಗಳು ಹೊರಬರುವುವು. ಎರಡು ಬೇರೆಬೇರೆ ಬೀಗಗಳು ಒಂದೊಂದು ಪೀಳಿಗೆಯಲ್ಲಿ ಒಂದೊಂದು ಬಗೆಯಾಗಿ ಹಂಚಿಹೋಗಿ, ಕೆಲವು ಮರಿಗಳಲ್ಲಿ ಎರಡೂ ಇಲ್ಲದಂತಾದುದೇ ಇದರ ಗುಟ್ಟು.

ಬೂದಿ ಬಣ್ಣದ ಕೋಳಿಯ ಕಥೆ ಇದಕ್ಕಿಂತ ಸರಳ, ಆದರೆ ತಳಿಗಾರರಿಗೆ ಹೆಚ್ಚು ಅವಮಾನಕರವಾದದ್ದು. ಇಂಗ್ಲೆಂಡಿನ ಕೋಳಿಪ್ರಿಯರು ನೀಲಿ ಆಂಡಲೂಸಿಯನ್ ಎಂಬ ಬೂದುನೀಲಿ ಜಾತಿಯನ್ನು ಶುದ್ಧಗೊಳಿಸಲು ಹೆಣಗುತ್ತಿದ್ದರು. ಬೂದಿಗೆ ಬೂದಿಯನ್ನೇ ಕೂಡಿಸಿದರೂ ಪ್ರತಿ ಸಲವೂ ಸುಮಾರು ಕಾಲುಪಾಲು ಕಪ್ಪು ಮರಿಗಳು, ಕಾಲುಪಾಲು ಬಣ್ಣದ ಸಿಂಪಣೆಯುಳ್ಳ ಕೊಳೆಬಿಳಿ ಮರಿಗಳು ಹುಟ್ಟುತ್ತಿದ್ದುವು. ಇವೆರಡನ್ನೂ ಕಳಪೆಯೆಂದು ತೆಗೆದುಹಾಕಿ, ಉಳಿದ ಅರ್ಧದಷ್ಟನ್ನು ಮಾತ್ರ ಆರಿಸಿ ಮುಂದುವರಿದರೂ ಫಲ ಅದೇ. ಬೇಟ್‌ಸನ್ ಮತ್ತು ಅವನ ಸಹಚರ ಪನೆಟ್ ಇಬ್ಬರೂ ಇದರ ಮರ್ಮವನ್ನು ಬಿಡಿಸಿದರು: ಕಪ್ಪನ್ನು ತೆಳುವಾಗಿಸುವ ವಂಶವಾಹಿಯ ಒಂದು ಪ್ರತಿ ಇದ್ದರೆ ಬೂದಿ, ಎರಡಿದ್ದರೆ ಕೊಳೆಬಿಳಿ, ಒಂದೂ ಇಲ್ಲದಿದ್ದರೆ ಕಪ್ಪು. ಎಂದಮೇಲೆ ಬೂದಿಯು ಎಂದೆಂದಿಗೂ ಶುದ್ಧವಾಗಲಾರದು. ಮರಿಗಳೆಲ್ಲ ಬೂದಿಯಾಗಿಯೇ ಬೇಕೆಂದಾದರೆ ಯಾವುವನ್ನು ತಿಪ್ಪೆಗೆ ಎಸೆಯುತ್ತಿದ್ದರೋ ಆ ಕಪ್ಪನ್ನೂ ಆ ಕೊಳೆಬಿಳಿಯನ್ನೂ ಒಂದಕ್ಕೊಂದು ಕೂಡಿಸಬೇಕು.

ಗೆರೆಕೋಳಿಯ ವಿಷಯಕ್ಕೆ ಬಂದರೆ ಗಂಡು ಹೆಣ್ಣೆಂಬ ಭೇದವೂ ಲೆಕ್ಕದಲ್ಲಿ ಸೇರಿಕೊಳ್ಳುವುದು. ಮನುಷ್ಯರಲ್ಲಿ ಗಂಡಿನ ಲಿಂಗ ವರ್ಣತಂತುಗಳು ಭಿನ್ನ, ಹೆಣ್ಣಿನವು ಸಮಾನ. ಹಕ್ಕಿಗಳಲ್ಲಿ ಇದು ತಿರುಗುಮುರುಗು. ಹುಂಜಕ್ಕೆ ಝಡ್ ಎಂಬ ವರ್ಣತಂತು ಎರಡು, ಹೇಂಟೆಗೆ ಝಡ್ ಒಂದು, ಡಬ್ಲ್ಯೂ ಒಂದು. ಗರಿಯಲ್ಲಿ ಅಡ್ಡಗೆರೆ ಮೂಡಿಸುವ ಪ್ರಬಲ ವಂಶವಾಹಿ ಈ ಝಡ್‌ನ ಮೇಲಿದೆ. ಹೇಂಟೆಯು ತನ್ನ ಏಕೈಕ ಝಡ್ಡನ್ನು ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲದು. ಹೆಣ್ಣುಮರಿಯ ಝಡ್ ಯಾವಾಗಲೂ ತಂದೆಯದು. ಆದುದರಿಂದ ಗೆರೆಯುಳ್ಳ ಹೇಂಟೆಯನ್ನು ಗೆರೆಯಿಲ್ಲದ ಕರೀ ಹುಂಜದೊಡನೆ ಕೂಡಿಸಿದಾಗ ಗಂಡುಮರಿಗಳೆಲ್ಲ ತಾಯಿಯಂತೆ ಗೆರೆಯುಳ್ಳವು, ಹೆಣ್ಣುಮರಿಗಳೆಲ್ಲ ತಂದೆಯಂತೆ ಗೆರೆಯಿಲ್ಲದವು. ಅಮೆರಿಕದ ಸ್ಪಿಲ್‌ಮನ್ ಇದನ್ನು 1908ರಲ್ಲೇ ಗುರುತಿಸಿದ್ದನು. ಹುಟ್ಟಿದ ದಿನವೇ ಇದು ತಿಳಿಯುವುದೆಂಬುದು ಇನ್ನೂ ಹೆಚ್ಚಿನ ಲಾಭ: ಇಂಥ ಜೋಡಿಯ ಗಂಡುಮರಿಯ ಕರೀ ತಲೆಯ ಮೇಲೆ ಬಿಳಿಯ ಬೊಟ್ಟೊಂದಿರುವುದು, ಹೆಣ್ಣಿಗೆ ಇರದು.

ತತ್ತಿಗಾಗಿ ಕೋಳಿ ಸಾಕುವವರಿಗೆ ಗಂಡುಮರಿಯನ್ನು ಮೊದಲ ದಿನವೇ ಬೇರ್ಪಡಿಸುವುದು ಎಷ್ಟು ದೊಡ್ಡ ಉಳಿತಾಯವೆಂಬುದನ್ನು ವಿವರಿಸಬೇಕಾಗಿಲ್ಲ. ಪನೆಟ್ ಮತ್ತು ಮೈಕೇಲ್ ಪೀಸ್ 1930ರ ಆಸುಪಾಸಿನಲ್ಲಿ ಕೇಂಬ್ರಿಜಿನಲ್ಲಿ ಗೆರೆಯ ವಂಶವಾಹಿಯನ್ನು ಕಂದುಮೈಯ ಜಾತಿಗಳಿಗೆ ಸೇರಿಸಿ, ತಳಿ ಶುದ್ಧವಾಗಿ ಮುಂದುವರಿದರೂ ಪ್ರತಿ ಪೀಳಿಗೆಯಲ್ಲೂ ಗಂಡುಮರಿ ತಿಳಿಬಣ್ಣ, ಹೆಣ್ಣುಮರಿ ಗಾಢಬಣ್ಣ ತೋರುವ ಹೊಸ ಜಾತಿಗಳನ್ನೇ ಕಟ್ಟಿದರು. ಇಂದಿನ ಕಂದು ತತ್ತಿಯ ಸಂಕರ ಕೋಳಿಗಳ ಮರಿಕೇಂದ್ರಗಳಲ್ಲಿ ಹೆಣ್ಣುಮರಿ ಕಂದು, ಗಂಡುಮರಿ ತಿಳಿಹಳದಿಯಾಗಿ ಹುಟ್ಟುವುದಕ್ಕೆ ಕಾರಣವಾದ ಹೊಂಬಣ್ಣ ಮತ್ತು ಬೆಳ್ಳಿಬಣ್ಣಗಳ ವಂಶವಾಹಿಯೂ ಇದೇ ಝಡ್‌ನ ಮೇಲಿರುವಂಥದು.

ಲಿಂಗಕ್ಕೂ ಗರಿಗೂ ಇರುವ ನಂಟು ವರ್ಣತಂತುಗಳಲ್ಲಿ ಮುಗಿಯುವುದಿಲ್ಲ. ಹೇಂಟೆ ಕೂಗಿದರೆ ಮನೆಗೆ ಕೇಡೆಂಬ ಭಯ ನಮ್ಮಲ್ಲಿ ಹಳೆಯದು. ಕೂಗಿದ ಹೇಂಟೆ ಆ ಸಂಜೆಯೊಳಗೆ ಒಲೆ ಏರುವುದೂ ಹಳೆಯ ಪದ್ಧತಿಯೇ. ಹೇಂಟೆಯಲ್ಲಿ ಕೆಲಸ ಮಾಡುವ ಅಂಡಾಶಯ ಎಡಬದಿಯದೊಂದೇ. ವೃದ್ಧಾಪ್ಯದಿಂದಲೋ ರೋಗದಿಂದಲೋ ಅದು ನಾಶವಾದಾಗ ಸ್ತ್ರೀರಸ ಬತ್ತುವುದು. ಮುಂದಿನ ಪುಕ್ಕ ಉದುರುವ ಕಾಲದಲ್ಲಿ ಹಳೆಯ ಗರಿ ಹೋಗಿ ಬರುವ ಹೊಸ ಗರಿ ಹುಂಜದ ಗರಿ, ನೀಳವಾದ ಕೊರಳ ಗರಿ, ಬಾಗಿದ ಬಾಲ. ಕೋಳಿಯ ಚರ್ಮವು ತಡೆಯಿಲ್ಲದಿದ್ದರೆ ಹುಂಜದ ಗರಿಯನ್ನೇ ಬೆಳೆಸುವುದೆಂದೂ, ಹೇಂಟೆಯ ಸಾದಾ ಉಡುಪು ಸ್ತ್ರೀರಸದ ಅಪ್ಪಣೆಯಿಂದ ಬಂದದ್ದೆಂದೂ ಇದರಿಂದ ಸಿದ್ಧವಾಗುವುದು. ಪಾಪದ ಹಕ್ಕಿ ಅಪಶಕುನವನ್ನು ಸಾರಿದುದಲ್ಲ, ತನ್ನ ಬೇನೆಯನ್ನು ಸಾರಿತು.

ಕೋಳಿಯ ಬಣ್ಣಗಳಿಗೆ ಅತ್ಯಂತ ಸೂಕ್ಷ್ಮವಾಗಿ ಹೆಸರಿಟ್ಟವರು ತಳಿಶಾಸ್ತ್ರಜ್ಞರಲ್ಲ, ಕಾಳಗದ ಹುಂಜ ಸಾಕಿದವರು. ತೆಲಂಗಾಣ ಮತ್ತು ಆಂಧ್ರಗಳಲ್ಲಿ ಪ್ರಸಿದ್ಧವಾದ ಅಸೀಲ್ ಜಾತಿಯಲ್ಲಿ ಹೊಂಗೆಂಪು ಪೀಲಾ, ಕಪ್ಪುಕೆಂಪು ಯಾಕೂಬ್, ಬಿಳಿ ನೂರಿ, ಕಪ್ಪು ಕಾಗರ್, ಕಂದು ಟೀಕರ್ ಎಂದು ಒಂದೊಂದಕ್ಕೂ ಪ್ರತ್ಯೇಕ ಹೆಸರು. ತೆಲುಗು ಸೀಮೆಯಲ್ಲಿ ಕುಕ್ಕುಟಶಾಸ್ತ್ರವೆಂಬುದು ಕಾಕಿ, ಡೇಗ, ನೆಮಲಿ ಎಂಬ ಬಣ್ಣಗಳಿಗೆ ಯಾವ ದಿನ ಯಾವ ಜಾವದಲ್ಲಿ ಯಾವುದರ ಎದುರು ಗೆಲುವೆಂದು ಹೇಳಿದರೆ, ತುಳುನಾಡಿನ ಕೋಳಿ ಅಂಕದವರೂ ಬೊಳ್ಳೆ, ಕೆಮ್ಮೈರೆ, ಉರಿಯೆ ಎಂದು ವಿಂಗಡಿಸಿ ಪಂಚಾಂಗ ನೋಡುವರು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ದೃಷ್ಟಿಯಲ್ಲಿ ಈ ಕಾಳಗ ಅಪರಾಧ. ಆ ವಿಷಯದಲ್ಲಿ ನನಗೆ ಸಹಾನುಭೂತಿಯೂ ಇಲ್ಲ. ಬಣ್ಣಕ್ಕೂ ಗೆಲುವಿಗೂ ಗಂಟುಹಾಕಿದ ಆ ಲೆಕ್ಕ ವ್ಯರ್ಥವಾದರೂ, ಎರಡು ಕೆಂಪುಗಳ ನಡುವಿನ ಭೇದವನ್ನು ಕಾಣಬಲ್ಲ ಅವರ ಕಣ್ಣು ಮಾತ್ರ ಯಾವ ಪ್ರಯೋಗಾಲಯದವರಿಗೂ ಕಡಿಮೆಯಾದುದಲ್ಲ.

ನಮ್ಮ ರಾಜ್ಯದಲ್ಲಿ ಬಣ್ಣವನ್ನು ಬುದ್ಧಿಪೂರ್ವಕವಾಗಿ ಉಪಯೋಗಿಸಿದ ತಳಿಯೆಂದರೆ ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಆಗ ಸೇರಿದ್ದ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಇದನ್ನು ಹಿತ್ತಲ ಸಾಕಣೆಗೆಂದು ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದರು. ಬಿಳಿಯ ಹಕ್ಕಿಯನ್ನು ಕೊಟ್ಟರೆ ಹಳ್ಳಿಯವರು ಕೈಚಾಚರು, ಬಯಲಿನಲ್ಲಿ ಅದು ಗಿಡುಗನ ಕಣ್ಣಿಗೆ ಬೇಗ ಬೀಳುವುದು. ಈ ಎರಡು ಸಂಗತಿಗಳನ್ನು ಮನಗಂಡು ಬಗೆಬಗೆಯ ಬಣ್ಣದ ಗರಿಗಳನ್ನು ಉಳಿಸಿಕೊಂಡೇ, ತೂಕವನ್ನೂ ವರ್ಷಕ್ಕೆ 130ರಿಂದ 150ರಷ್ಟು ತತ್ತಿಗಳನ್ನೂ ಅದರಲ್ಲಿ ತಂದರು. 2005ರಲ್ಲಿ ಬಂದ ಸ್ವರ್ಣಧಾರ ಇದಕ್ಕಿಂತ ಹಗುರ, ತತ್ತಿ ಹೆಚ್ಚು. ಮೈ ಹಗುರಾದುದರಿಂದ ಕಾಡುಬೆಕ್ಕು ನರಿಗಳಿಂದ ತಪ್ಪಿಸಿಕೊಳ್ಳಬಲ್ಲದು. ಹೈದರಾಬಾದಿನ ವನರಾಜವೂ ಇದೇ ತತ್ತ್ವದ ಮೇಲೆ ನಿಂತ ಬಣ್ಣದ ಹಕ್ಕಿ.

ಸಂತೆಯ ತೀರ್ಪು ಕೆಡುವುದು ಇಲ್ಲಿಯೇ. ಗಿರಿರಾಜವನ್ನೋ, ಬಣ್ಣದ ಬ್ರಾಯ್ಲರನ್ನೋ ಜವಾರಿಯ ಬೆಲೆಗೆ ಮಾರುವವನು ಸುಳ್ಳನ್ನು ಬಾಯಿಂದ ಹೇಳಬೇಕಾದುದೇ ಇಲ್ಲ, ಗರಿಯ ಕೈಯಲ್ಲಿ ಹೇಳಿಸಿದರೆ ಸಾಕು. ಗರಿಯ ಬಣ್ಣವನ್ನು ಆಳುವ ಮುಖ್ಯ ವಂಶವಾಹಿಗಳು ಬೆರಳೆಣಿಕೆಯವು. ಒಂದೆರಡು ಪೀಳಿಗೆಗಳಲ್ಲಿ ಯಾವ ಮೈಗೆ ಬೇಕಾದರೂ ಯಾವ ಬಣ್ಣವನ್ನಾದರೂ ತೊಡಿಸಬಹುದು. ಬೆಳವಣಿಗೆಯ ವೇಗ, ಕಾವು ಕೂಡುವ ಸ್ವಭಾವ, ರೋಗ ತಡೆಯುವ ಶಕ್ತಿ, ಮಾಂಸದ ಬಿಗುವು ಇವನ್ನು ಆಳುವುವು ಅಸಂಖ್ಯಾತ, ಅವು ಗರಿಯ ಮೇಲೆ ಬರೆದಿರುವುದಿಲ್ಲ. ಜವಾರಿಯನ್ನು ಗುರುತಿಸಬೇಕೆನ್ನುವವನು ಬಣ್ಣವನ್ನು ಬಿಟ್ಟು ಹಕ್ಕಿಯ ವಯಸ್ಸಿಗೆ ಮೈ ಎಷ್ಟು ತುಂಬಿದೆಯೆಂದು, ಹೇಂಟೆಯಾದರೆ ಕಾವಿಗೆ ಕೂಡುವುದೇ ಎಂದು ವಿಚಾರಿಸಲಿ. ಗಿರಿರಾಜದ ಹೇಂಟೆ ಕಾವಿಗೆ ಕೂಡುವುದಿಲ್ಲ. ಅದರ ತತ್ತಿಗಳನ್ನು ಜವಾರಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವವರು ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುವುದನ್ನೂ ನಿರೀಕ್ಷಿಸತಕ್ಕದ್ದು.

ಬಿಜಾಪುರ ಸೀಮೆಯ ಬೇಸಿಗೆ 40 ಡಿಗ್ರಿಯನ್ನು ದಾಟುವುದರಿಂದ ಬಣ್ಣಕ್ಕಿಂತ ಗರಿಯ ಪ್ರಮಾಣವೇ ಮುಖ್ಯವೆಂದು ಯಾರಾದರೂ ವಾದಿಸಿದರೆ ಅಲ್ಲಗಳೆಯಲಾರೆ. ಕುತ್ತಿಗೆಯಲ್ಲಿ ಗರಿಯಿಲ್ಲದ ಬೋಳುಕೊರಳಿನ ಕೋಳಿಯಲ್ಲಿ ಆ ವಂಶವಾಹಿಯ ಒಂದು ಪ್ರತಿ ಮೈಗರಿಯನ್ನು ನೂರಕ್ಕೆ 20ರಷ್ಟು, ಎರಡು ಪ್ರತಿ 40ರಷ್ಟು ತಗ್ಗಿಸುವುದು. ಬರೇಲಿಯ ಹತ್ತಿರದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಇದನ್ನು ಸೆಕೆಯ ನಾಡಿಗೆಂದೇ ತಳಿಯಾಗಿಸಿದ್ದಾರೆ. ನೋಟ ಮಾತ್ರ ಚೆನ್ನಾಗಿಲ್ಲ.

ಹಿತ್ತಲಿನಲ್ಲೇ ಬಣ್ಣದ ತಳಿ ಮಾಡಬೇಕೆಂಬ ಹಂಬಲವುಳ್ಳವರಿಗೆ ಮೊದಲ ತೊಡಕು ಹುಂಜದ ಗುರುತು. ಹೇಂಟೆಯ ದೇಹದೊಳಗಿನ ಸಣ್ಣ ಕೊಳವೆಗಳಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿ ಉಳಿಯುವುದು. ನಿನ್ನೆ ಹುಂಜವನ್ನು ಬದಲಿಸಿದ ಮಾತ್ರಕ್ಕೆ ಇಂದಿನ ತತ್ತಿ ಹೊಸ ಹುಂಜದ್ದೆಂದು ಹೇಳುವಂತಿಲ್ಲ. ಆದುದರಿಂದ ಹೇಂಟೆಯನ್ನು ಮೂರು ವಾರ ಯಾವ ಹುಂಜದ ಸಂಗವೂ ಇಲ್ಲದಂತೆ ಕೂಡಿಹಾಕಿ, ಅನಂತರ ಆರಿಸಿದ ಹುಂಜದೊಡನೆ ಬಿಟ್ಟು, ಆ ಬಳಿಕ ಬಂದ ತತ್ತಿಯ ಮೊನೆಯ ಕಡೆಗೆ ಸೀಸದ ಕಡ್ಡಿಯಿಂದ ದಿನಾಂಕ ಬರೆದು, ಕಾವಿಗೆ ಕೂಡ್ರಿಸಬೇಕು. ಇಪ್ಪತ್ತೊಂದನೆಯ ದಿನ ಮರಿ ಹೊರಬಂದೊಡನೆ, ಇನ್ನೂ ಒದ್ದೆಯಾರುವ ಮೊದಲೇ, ಬಣ್ಣದ ನೂಲನ್ನು ಸಡಿಲವಾಗಿ ಕಾಲಿಗೆ ಕಟ್ಟಬೇಕು. ಕಾಲು ದಪ್ಪವಾದಂತೆಲ್ಲ ನೂಲನ್ನು ಬದಲಿಸುವುದನ್ನು ಮರೆತರೆ ಅದು ಮಾಂಸವನ್ನು ಕೊಯ್ಯುವುದು. ಮರಿಯ ತುಪ್ಪುಳಿನ ಬಣ್ಣವನ್ನು ಆ ಹೊತ್ತಿನಲ್ಲೇ ಬರೆದಿಡುವುದು ಲೇಸು. ಕಾಡುಕೋಳಿಯ ಬಗೆಯ ಮರಿಗೆ ಬೆನ್ನಮೇಲೆ ಅಳಿಲಿನಂಥ ಕಂದು ಪಟ್ಟೆಗಳಿರುವುವು. ಒಂದೆರಡು ತಿಂಗಳಿಗೆ ಆ ಸಾಕ್ಷ್ಯವೆಲ್ಲ ಉದುರಿಹೋಗುವುದು.

ಹುಂಜದಲ್ಲಿ ಸುಪ್ತ ಬಿಳುಪು ಅಡಗಿದೆಯೇ ಎಂದು ತಿಳಿಯಲು ಅದನ್ನು ಸುಪ್ತ ಬಿಳುಪಿನದೇ ಹೇಂಟೆಯೊಡನೆ ಕೂಡಿಸಿದರೆ ಸಾಕು. ಅಡಗಿದ್ದರೆ ಪ್ರತಿ ಮರಿಯೂ ಬಿಳಿಯದಾಗುವ ಸಂಭವ ಎರಡಕ್ಕೆ ಒಂದು. ಒಂದೇ ಒಂದು ಬಿಳಿಮರಿ ಹುಟ್ಟಿದರೆ ವಿಷಯ ಇತ್ಯರ್ಥವಾದಂತೆಯೇ. ಅಡಗಿದ್ದೂ ಎಂಟು ಮರಿಗಳು ಸಾಲಾಗಿ ಬಣ್ಣದವೇ ಆಗುವ ಸಂಭವ 256ಕ್ಕೆ ಒಂದು ಮಾತ್ರ. ಅಷ್ಟಾದಮೇಲೆ ಹುಂಜವನ್ನು ಧೈರ್ಯವಾಗಿ ನಂಬಬಹುದು. ನಾಲ್ಕು ಮರಿಗಳನ್ನು ನೋಡಿ ತೀರ್ಮಾನಿಸುವ ಅವಸರ ಮಾತ್ರ ಸಲ್ಲದು. ಹಿಂದೆ ಹೇಳಿದ ನಾಲ್ಕಕ್ಕೆ ಒಂದೆಂಬ ಲೆಕ್ಕವೂ ನೂರಾರು ಮರಿಗಳ ಮೇಲೆ ನಿಲ್ಲುವಂಥದು. ಒಂದು ಕಾವಿನ ಹತ್ತು ಹನ್ನೆರಡು ಮರಿಗಳಲ್ಲಿ ಅದು ಆರಾಗಬಹುದು, ಸೊನ್ನೆಯೂ ಆಗಬಹುದು.

ಈಚೆಗೆ ನಮ್ಮ ಕಡೆಯ ಕೋಳಿಗಾರರ ಆಸೆಯೆಲ್ಲ ಕಡಕನಾಥದ ಮೇಲಿದೆ. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಬೆಲೆ ಏರಿ, ಯಾವ ಕರೀ ಗರಿಯ ಕೋಳಿಯಾದರೂ ಕಡಕನಾಥವೆನಿಸಿಕೊಳ್ಳುವ ಕಾಲ ಬಂದಿದೆ. ಗರಿಯ ಕಪ್ಪಿಗೂ ಚರ್ಮದ ಕಪ್ಪಿಗೂ ವಂಶವಾಹಿಗಳೇ ಬೇರೆ. ನಿಜವಾದ ಕಡಕನಾಥದಲ್ಲಿ ಚರ್ಮ, ಮಾಂಸದ ಪೊರೆ, ಎಲುಬಿನ ಹೊದಿಕೆ ಎಲ್ಲವೂ ಕಪ್ಪು. ರೆಕ್ಕೆಯಡಿಯ ಪುಕ್ಕ ಸರಿಸಿದರೆ, ಬಾಯಿ ತೆರೆದು ನಾಲಗೆ ನೋಡಿದರೆ ಅನುಮಾನ ಬಗೆಹರಿಯುವುದು. ಇದನ್ನು ಜವಾರಿಯೊಡನೆ ಬೆರಸಬೇಕೆನ್ನುವವರು ಕೊಳ್ಳಬೇಕಾದುದು ಹುಂಜವನ್ನೇ ಹೊರತು ಹೇಂಟೆಯನ್ನಲ್ಲ. ಚರ್ಮದ ಕಪ್ಪನ್ನು ತಡೆಯುವ ಪ್ರಬಲ ವಂಶವಾಹಿಯೊಂದು ಹಳದಿ ಅಥವಾ ಬಿಳಿ ಕಾಲಿನ ಜವಾರಿಯ ಝಡ್‌ನ ಮೇಲಿದೆ; ಬೇಟ್‌ಸನ್ ಮತ್ತು ಪನೆಟ್ ಸಿಲ್ಕಿ ಕೋಳಿಯಲ್ಲಿ 1911ರಲ್ಲಿ ಕಂಡದ್ದು ಇದನ್ನೇ. ಜವಾರಿ ಹುಂಜಕ್ಕೆ ಕಡಕನಾಥ ಹೇಂಟೆಯನ್ನು ಕೂಡಿಸಿದರೆ ಆ ತಡೆ ಎಲ್ಲ ಮರಿಗಳಿಗೂ ಹೋಗಿ, ಕೊಟ್ಟ ಬೆಲೆಗೆ ತಕ್ಕ ಕಪ್ಪು ಒಂದರಲ್ಲೂ ಕಾಣುವುದಿಲ್ಲ. ಕಡಕನಾಥ ಹುಂಜಕ್ಕೆ ಜವಾರಿ ಹೇಂಟೆಯನ್ನು ಕೂಡಿಸಿದರೆ ತಾಯಿಯ ತಡೆ ಗಂಡುಮರಿಗಳಿಗೆ ಮಾತ್ರ ಸಲ್ಲುವುದು, ಹೆಣ್ಣುಮರಿಗಳೆಲ್ಲ ಕಪ್ಪು ಚರ್ಮದವು. ಜವಾರಿ ಹೇಂಟೆಯ ಕಾಲು ಮೊದಲಿನಿಂದಲೇ ಬೂದುಗಪ್ಪಾಗಿದ್ದರೆ ಅದರಲ್ಲಿ ಆ ತಡೆಯಿಲ್ಲವೆಂದು ತಿಳಿಯಬೇಕು. ಆಗ ಗಂಡುಮರಿ ಹೆಣ್ಣುಮರಿಗಳೆರಡೂ ಕಪ್ಪಾಗಿಯೇ ಬೆಳೆಯುವುವು.